ಶ್ರುತಿ ಮೊದಲು, ಕ್ಯಾಪೋ ಆಮೇಲೆ

ಗಣೇಶನ ಹಬ್ಬ ಹತ್ತಿರ ಬಂತೆಂದರೆ ಕುವೆಂಪುನಗರದ ನಮ್ಮ ಬೀದಿಯಲ್ಲಿ ಒಂದಾದರೂ ಗಿಟಾರ್ ತಂತಿ ಟಣ್ ಅಂತ ಹರಿಯುತ್ತದೆ. ಹಾಡುವ ಹುಡುಗಿಯ ಶ್ರುತಿ ಐದು ಮನೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ. ನುಡಿಸುವ ಹುಡುಗ ಎಲ್ಲೋ ಒಂದು ಕಡೆ ಕ್ಯಾಪೋ (ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಸಿಕ್ಕಿಸುತ್ತಾನೆ, ಅಪಸ್ವರ ಬರುತ್ತದೆ, ಗಾಬರಿಯಲ್ಲಿ ತಂತಿ ಸುತ್ತಿದ ಕೀ ತಿರುಗಿಸುತ್ತಾನೆ. ಅದೂ ಬಿಗಿಯುವ ಕಡೆಗೆ.

ದೇವರನಾಮಕ್ಕೆ ತಂತಿಗಳನ್ನು ಶ್ರುತಿ ಮಾಡುವ ರೀತಿಗಳಲ್ಲಿ ನನ್ನ ಆಯ್ಕೆ ಒಂದೇ, ಡ್ಯಾಡ್‌ಗ್ಯಾಡ್. ದಪ್ಪ ತಂತಿಯಿಂದ ಶುರುಮಾಡಿದರೆ ಡಿ-ಎ-ಡಿ-ಜಿ-ಎ-ಡಿ. 1960ರ ದಶಕದಲ್ಲಿ ಇಂಗ್ಲೆಂಡಿನ ಡೇವಿ ಗ್ರಹಾಂ ಇದನ್ನು ಹೆಸರು ಮಾಡಿಸಿದರು. ನಾವು ಮಾತ್ರ ಡಿಯನ್ನು ಷಡ್ಜ ಅಂದುಕೊಳ್ಳೋಣ. ಆಗ ಅದು ಸ-ಪ-ಸ-ಮ-ಪ-ಸ. ಮನೆಯಲ್ಲಿ ವೀಣೆ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ, ಅಲ್ವಾ? ಗಾಂಧಾರ ಇಲ್ಲದ್ದರಿಂದ ಶಂಕರಾಭರಣಕ್ಕೂ ಸೈ, ಖರಹರಪ್ರಿಯಕ್ಕೂ ಸೈ. ಕಲ್ಯಾಣಿಗೋ ಮೋಹನಕ್ಕೋ ಮೂರನೇ ತಂತಿಯನ್ನು (ಎಣಿಕೆ ತೆಳು ತಂತಿಯಿಂದ) ಬಿಡಿಯಾಗಿ, ಅಂದರೆ ಬೆರಳು ಒತ್ತದೆ, ಮೀಟಬೇಡಿ, ಆ ಮಧ್ಯಮ ಅಲ್ಲಿ ಹೊಂದುವುದಿಲ್ಲ.

ಮೊದಲು ಕ್ಯಾಪೋ ಇಲ್ಲದೆ ಎಂದಿನ ಇ-ಎ-ಡಿ-ಜಿ-ಬಿ-ಇಗೆ ಟ್ಯೂನ್ ಮಾಡಿಕೊಳ್ಳಿ. ಕ್ಲಿಪ್ ಟ್ಯೂನರ್ ಸಾಕು.

ಎಲ್ಲರೂ ಎಡವುವುದು ಇನ್ನು ಮುಂದೆ. ಇಳಿಸಬೇಕಾದ್ದು ಮೂರೇ ತಂತಿ: ಆರನೆಯದು, ಎರಡನೆಯದು, ಒಂದನೆಯದು. ಮೂರೂ ಎರಡೆರಡು ಫ್ರೆಟ್‌ನಷ್ಟು (ಕುತ್ತಿಗೆಯ ಮೇಲಿನ ಕಂಬಿಯ ಮನೆ) ಕೆಳಕ್ಕೆ: ಆರನೆಯದು, ಒಂದನೆಯದು ಡಿಗೆ, ಎರಡನೆಯದು ಎಗೆ. ಕೀ ಮುಟ್ಟುವ ಮುಂಚೆ ತಂತಿ ಮೀಟಿ. ಅದು ಮೊಳಗುತ್ತಿರುವಾಗಲೇ ಚೂರು ತಿರುಗಿಸಿ, ಸ್ವರ ಇಳಿಯುತ್ತಿದೆಯಾ ಕೇಳಿ. ಏರಿದರೆ ಅಲ್ಲೇ ನಿಲ್ಲಿಸಿ. ಡಿ ಅಥವಾ ಎ ಬಂದ ಕೂಡಲೇ ಕೈ ಬಿಡಬೇಡಿ. ಅದಕ್ಕಿಂತ ತುಸು ಕೆಳಗೆ ಇಳಿಸಿ, ಆಮೇಲೆ ಬಿಗಿ ಮಾಡುತ್ತಾ ಆ ಸ್ವರಕ್ಕೆ ಬನ್ನಿ. ಸಡಿಲಿಸಿ ಅಲ್ಲಿಗೇ ಬಿಟ್ಟರೆ ಕೀಯಲ್ಲಿ ಸಡಿಲ ಉಳಿಯುತ್ತದೆ, ಎರಡನೇ ಚರಣಕ್ಕೆ ತಂತಿ ಜಾರಿರುತ್ತದೆ. ಕುತ್ತಿಗೆಯ ಮೇಲ್ತುದಿಯ ಕಚ್ಚಿನಲ್ಲಿ ತಂತಿ ಟಿಕ್ ಟಿಕ್ ಅಂತ ಸಿಕ್ಕಿಕೊಂಡರೆ ಆ ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ. ಎಣ್ಣೆ ಬೇಡ.

ಈಗ ಕಿವಿಗೆ ಪರೀಕ್ಷೆ. ಆರನೇ ತಂತಿಯ ಏಳನೇ ಫ್ರೆಟ್ ಒತ್ತಿದಾಗ ಬರುವ ಸ್ವರ, ಬಿಡಿಯಾಗಿ ಮೀಟಿದ ಐದನೇ ತಂತಿಗೆ ಸೇರಬೇಕು. ಮೂರನೆಯದರ ಎರಡನೇ ಫ್ರೆಟ್ ಬಿಡಿ ಎರಡನೆಯದಕ್ಕೆ, ಎರಡನೆಯದರ ಐದನೇ ಫ್ರೆಟ್ ಬಿಡಿ ಒಂದನೆಯದಕ್ಕೆ. ಇಷ್ಟಾದ ಮೇಲೆ ಆರೂ ತಂತಿಗಳನ್ನು ಇನ್ನೊಮ್ಮೆ ನೋಡಿ. ಮೂರು ತಂತಿ ಸಡಿಲವಾದಾಗ ಮರದ ಮೇಲಿನ ಎಳೆತ ತಗ್ಗಿ, ನೀವು ಮುಟ್ಟದ ತಂತಿಗಳೂ ಕೊಂಚ ಏರಿರುತ್ತವೆ. ಈ ಎರಡನೇ ಸುತ್ತನ್ನು ಯಾರೂ ಮಾಡುವುದಿಲ್ಲ. ಆಮೇಲೆ ಗಿಟಾರೇ ಸರಿಯಿಲ್ಲ ಅಂತಾರೆ.

ಇನ್ನು ಕ್ಯಾಪೋ. ಅದು ಶ್ರುತಿಯನ್ನು ಏರಿಸುತ್ತದೆ, ಇಳಿಸುವುದಿಲ್ಲ. ಬಿಡಿ ತಂತಿಯಲ್ಲಿ ಷಡ್ಜ ಎರಡು ಮನೆ. ಎರಡನೇ ಫ್ರೆಟ್‌ಗೆ ಹಾಕಿದರೆ ಮೂರು ಮನೆ, ಮೂರನೆಯದಕ್ಕೆ ನಾಲ್ಕು, ಐದನೆಯದಕ್ಕೆ ಐದು. ಒಂದೂವರೆ ಮನೆಯಲ್ಲಿ ಹಾಡುವವರಿದ್ದರೆ ಕ್ಯಾಪೋ ಬಿಚ್ಚಿ, ಆರೂ ತಂತಿಗಳನ್ನು ಅರ್ಧ ಮನೆ ಇಳಿಸಬೇಕು.

ಫ್ರೆಟ್ ಕಂಬಿಯ ಮೇಲೆ ಕೂರಿಸಬೇಡಿ. ಎರಡು ಕಂಬಿಗಳ ನಟ್ಟನಡುವೆಯೂ ಬೇಡ. ಕೀಗಳಿರುವ ಕಡೆಯಿಂದ ಕಂಬಿಗೆ ಒತ್ತಿಕೊಂಡಂತೆ, ನೇರವಾಗಿ ಕೂರಬೇಕು. ಪೂರ್ತಿ ತೆರೆದು ಕೂರಿಸಿ, ನಿಧಾನಕ್ಕೆ ಬಿಡಿ. ಒಂದೊಂದೇ ತಂತಿ ಮೀಟಿ. ಝರ್ ಅಂದರೆ ಕಂಬಿಯ ಹತ್ತಿರಕ್ಕೆ ಸರಿಸಿ. ಸ್ವರ ಏರಿದ್ದರೆ ಹಿಡಿತ ಜಾಸ್ತಿಯಾಗಿದೆ, ಇಲ್ಲವೇ ತಂತಿ ಓರೆಯಾಗಿದೆ. ಕೀ ಮುಟ್ಟದೆ ಕ್ಯಾಪೋವನ್ನೇ ಬಿಚ್ಚಿ ಮತ್ತೆ ಹಾಕಿ.

ನಾನು ಸ್ಪ್ರಿಂಗ್ ಕ್ಯಾಪೋ ಇಟ್ಟುಕೊಳ್ಳುವುದಿಲ್ಲ. ತಿರುಪಿನದ್ದೇ ಒಳ್ಳೆಯದು, ಹಿಡಿತ ನಮ್ಮ ಕೈಯಲ್ಲಿರುತ್ತದೆ. ಒಂದು ಅಂಗಡಿಯವರು ನನಗೆ ಚಪ್ಪಟೆ ಕ್ಯಾಪೋ ದಾಟಿಸಿದ್ದರು. ಅದು ನೈಲಾನ್ ತಂತಿಯ ಗಿಟಾರಿಗೆ. ಸ್ಟೀಲ್ ತಂತಿಯ ನನ್ನ ಗಿಟಾರಿನ ಪಟ್ಟಿ ಸ್ವಲ್ಪ ಉಬ್ಬಿದೆ, ಹಾಗಾಗಿ ನಡುವಿನ ತಂತಿಗಳು ಒಂದು ರೀತಿ, ಅಂಚಿನವು ಇನ್ನೊಂದು ರೀತಿ. ರಬ್ಬರಿನಲ್ಲಿ ತಂತಿಯ ಗೆರೆ ಆಳವಾಗಿ ಬಿದ್ದಿದ್ದರೆ ಆ ಕ್ಯಾಪೋ ಬಿಸಾಡಿ. ಪೆನ್ಸಿಲ್ ಮತ್ತು ರಬ್ಬರ್ ಬ್ಯಾಂಡ್ ಕಟ್ಟುವ ಉಪಾಯ ಒಂದು ಹಾಡಿಗೆ ನಡೆಯುತ್ತದೆ, ಪೆಂಡಾಲಿಗಲ್ಲ.

ಮುಗಿದ ಮೇಲೆ ಕ್ಯಾಪೋ ತೆಗೆದೇ ಗಿಟಾರನ್ನು ಚೀಲಕ್ಕೆ ಹಾಕಿ. ಒಂದನೇ ತಂತಿಯನ್ನು ಮತ್ತೆ ಇಗೆ ಏರಿಸುವಾಗ ಮುಖ ಆಚೆ ತಿರುಗಿಸಿಕೊಳ್ಳಿ.