ತೌಲನಿಕ ಸಾಹಿತ್ಯದ ಪ್ರಶ್ನೆಗೆ ನಾನು ತಯಾರಿ ಮಾಡಿದ ರೀತಿ

ಇಂಗ್ಲಿಷ್ ಎಂ.ಎ.ಯ ತೌಲನಿಕ ಸಾಹಿತ್ಯದ ಪ್ರಶ್ನೆಗೆ ಬರುವ ಉತ್ತರಗಳ ಆಕಾರ ಬಹುಮಟ್ಟಿಗೆ ಒಂದೇ. ಒಂದೂವರೆ ಪುಟ ಮೊದಲ ಕೃತಿಯ ಕಥೆ, ಇನ್ನೊಂದೂವರೆ ಪುಟ ಎರಡನೆಯದರ ಕಥೆ, ಕೊನೆಗೆ ನಾಲ್ಕು ಸಾಲಿನಲ್ಲಿ 'ಹೀಗೆ ಎರಡರಲ್ಲೂ ಸಾಮ್ಯವೂ ಇದೆ, ಭೇದವೂ ಇದೆ'. ಓದಿದ್ದೆಲ್ಲ ಅದರಲ್ಲಿರುತ್ತದೆ, ಆದರೂ ಅಂಕ ಬರುವುದಿಲ್ಲ. ಹೋಲಿಸುವ ಕೆಲಸ ಆ ಕೊನೆಯ ನಾಲ್ಕು ಸಾಲಿನಲ್ಲಷ್ಟೇ ನಡೆದಿರುತ್ತದೆ. ನನ್ನ ತಯಾರಿಯನ್ನೆಲ್ಲ ಈ ಒಂದು ತಪ್ಪು ಆಗದಂತೆ ತಡೆಯುವುದಕ್ಕೇ ಕಟ್ಟಿಕೊಂಡಿದ್ದೆ.

ಮೊದಲು ಜೋಡಿಗಳನ್ನು ಆರಿಸಿದೆ. ಹತ್ತು ಜೋಡಿ ಮೇಲೆ ಮೇಲೆ ಓದುವುದಕ್ಕಿಂತ ನಾಲ್ಕು ಜೋಡಿಯನ್ನು ಆಳವಾಗಿ ಓದುವುದು ಮೇಲು. ಪ್ರಭಾವಕ್ಕೆ ಒಂದು, ಒಂದೇ ವಸ್ತುವಿನ ಬೇರೆ ಬೇರೆ ರೂಪಕ್ಕೆ ಒಂದು, ಅನುವಾದಕ್ಕೆ ಒಂದು, ಸಂಪರ್ಕವೇ ಇಲ್ಲದ ಬರೀ ಸಾದೃಶ್ಯಕ್ಕೆ ಒಂದು. ಪ್ರಶ್ನೆ ಹೇಗೆ ತಿರುಗಿಸಿ ಕೇಳಿದರೂ ಈ ನಾಲ್ಕರಲ್ಲಿ ಒಂದಕ್ಕೆ ಬಂದು ಸೇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಹಾವೇರಿ, ಗದಗ ಕಡೆಯಿಂದ ಧಾರವಾಡಕ್ಕೆ ಬಂದವರು ಇಲ್ಲಿ ಹಿಂಜರಿಯುವ ಕಾರಣವೇ ಇಲ್ಲ. ಜೋಡಿಯ ಒಂದು ಕಾಲು ಕನ್ನಡದಲ್ಲಿದ್ದರೆ ಮೂಲವನ್ನೇ ಓದಿದ ಬಲ ಅವರಿಗಿರುತ್ತದೆ. ಇಂಗ್ಲಿಷಿನ ಗೈಡ್ ಒಂದನ್ನೇ ನಂಬಿ ಬರೆದವರ ಉತ್ತರದಲ್ಲಿ ಅದು ಸಿಗುವುದಿಲ್ಲ.

ನನ್ನ ಮುಖ್ಯ ಜೋಡಿ 'ಹಯವದನ'ದ್ದು. ಗಿರೀಶ ಕಾರ್ನಾಡರ ಈ ನಾಟಕ 1971ರದು. ಇಂಗ್ಲಿಷಿಗೆ ತಂದವರೂ ಅವರೇ. ಅದರ ಹಿಂದೆ 1940ರಲ್ಲಿ ಬಂದ ಥಾಮಸ್ ಮನ್‌ನ ಜರ್ಮನ್ ಕಿರುಕಾದಂಬರಿ 'ದ ಟ್ರಾನ್ಸ್‌ಪೋಸ್ಡ್ ಹೆಡ್ಸ್' ಇದೆ. ಅದಕ್ಕೂ ಹಿಂದೆ 11ನೆಯ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದ ಬೇತಾಳನ ಕಥೆ: ಇಬ್ಬರು ಗಂಡಸರು ತಲೆ ಕಡಿದುಕೊಳ್ಳುತ್ತಾರೆ, ದೇವಿಯ ವರದಿಂದ ಹೆಣ್ಣು ತಲೆ ಜೋಡಿಸುವಾಗ ಅವು ಅದಲುಬದಲಾಗುತ್ತವೆ, ಈಗ ಅವಳ ಗಂಡ ಯಾರು ಎಂಬುದು ಪ್ರಶ್ನೆ. ಒಂದೇ ಕಥೆ ಸಂಸ್ಕೃತದಿಂದ ಜರ್ಮನಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಮರಳಿದೆ. ಪ್ರಭಾವಕ್ಕೂ ವಸ್ತುವಿಗೂ ರೂಪಾಂತರಕ್ಕೂ ಇದೊಂದೇ ಸಾಕಾಗುತ್ತದೆ. ಕನ್ನಡ ಪ್ರತಿ ಹುಡುಕುವವರು ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ಹತ್ತಿದರಾಯಿತು.

ಇದಕ್ಕೆ ಒಂದು ಎ4 ಹಾಳೆಯನ್ನು ಅಡ್ಡ ಹಿಡಿದು ನಾಲ್ಕು ಕಾಲಂ ಹಾಕಿದೆ. ಎಡಗಡೆ ಹೋಲಿಕೆಯ ಅಂಶ, ಉಳಿದ ಮೂರರಲ್ಲಿ ಮೂರು ಕೃತಿ. ಕಥೆಯನ್ನು ಎಲ್ಲಿಯೂ ಬರೆಯಲಿಲ್ಲ. ಆರು ಅಂಶ ಮಾತ್ರ: ಮೂವರ ಸಂಬಂಧ, ತಲೆ ಅದಲುಬದಲಾಗುವ ಗಳಿಗೆ, ದೇವಿ, ತೀರ್ಪು, ಕೊನೆ, ಕಥನದ ರೂಪ. ಪ್ರತಿ ಚೌಕದಲ್ಲಿ ಎಂಟು ಶಬ್ದಕ್ಕಿಂತ ಹೆಚ್ಚಿಲ್ಲ. ಚೌಕ ತುಂಬಿದ ಮೇಲೆ ಪ್ರತಿ ಸಾಲಿನ ಕೆಳಗೆ ಕೆಂಪು ಪೆನ್ನಿನಿಂದ 'ಏಕೆ ಬದಲಾಯಿತು' ಎಂಬುದಕ್ಕೆ ಒಂದು ವಾಕ್ಯ. ಅಂಕ ಹುಟ್ಟುವುದು ಈ ಕೆಂಪು ವಾಕ್ಯದಿಂದ.

ಉದಾಹರಣೆಗೆ ಮೂವರ ಸಂಬಂಧವನ್ನೇ ನೋಡಿ. ಸೋಮದೇವನಲ್ಲಿ ತಲೆ ಕಡಿದುಕೊಳ್ಳುವವರು ಹೆಣ್ಣಿನ ಗಂಡ ಮತ್ತು ಅವಳ ಅಣ್ಣ. ಮನ್ ಅಣ್ಣನನ್ನು ತೆಗೆದು ಗಂಡನ ಗೆಳೆಯನನ್ನು ತಂದ. ಕಾರ್ನಾಡರೂ ಹಾಗೇ ಮಾಡಿದರು. ಇದು ಸಣ್ಣ ಬದಲಾವಣೆ ಎನ್ನಿಸುತ್ತದೆ, ಆದರೆ ಇಡೀ ಕಥೆಯ ದಿಕ್ಕು ಇಲ್ಲಿಯೇ ತಿರುಗುತ್ತದೆ. ಅಣ್ಣನಿದ್ದಾಗ ಅದು ಧರ್ಮದ ಒಗಟು, ಯಾರು ಗಂಡ ಎಂದು ತಿಳಿದರೆ ಮುಗಿಯಿತು. ಗೆಳೆಯ ಬಂದ ಮೇಲೆ ಹೆಣ್ಣಿನ ಬಯಕೆ ಕಥೆಯೊಳಗೆ ಬರುತ್ತದೆ, ತಲೆ ಅದಲುಬದಲಾದದ್ದು ಬರಿಯ ಕೈತಪ್ಪೋ ಮನಸ್ಸಿನ ಆಸೆಯೋ ಎಂಬ ಅನುಮಾನ ಹುಟ್ಟುತ್ತದೆ. ತೀರ್ಪಿನ ಸಾಲೂ ಹೀಗೆಯೇ. ಮೂರರಲ್ಲೂ 'ತಲೆಯೇ ಪ್ರಧಾನ' ಎಂಬ ಉತ್ತರ ಬರುತ್ತದೆ, ಆದರೆ ಬೇತಾಳನ ಕಥೆ ಆ ಉತ್ತರಕ್ಕೇ ನಿಲ್ಲುತ್ತದೆ. ಉಳಿದೆರಡು ಅಲ್ಲಿಂದ ಮುಂದೆ ಹೋಗಿ, ಮೈ ನಿಧಾನವಾಗಿ ತಲೆಗೆ ತಕ್ಕಂತೆ ಮಾರ್ಪಡುವುದನ್ನು ತೋರಿಸುತ್ತವೆ. ಕಾರ್ನಾಡರು ಕುದುರೆ ತಲೆಯ ಹಯವದನನ ಉಪಕಥೆಯನ್ನು ತಾವೇ ಸೇರಿಸಿ, ಭಾಗವತ, ಮುಖವಾಡ, ಮಾತಾಡುವ ಗೊಂಬೆಗಳನ್ನು ತಂದು, ಪ್ರಶ್ನೆಯನ್ನೇ 'ಪೂರ್ಣತೆ ಎಂದರೇನು' ಎಂಬಲ್ಲಿಗೆ ಒಯ್ಯುತ್ತಾರೆ. ಆನೆಯ ತಲೆಯ ಗಣಪತಿಯ ಸ್ತುತಿಯಿಂದ ನಾಟಕ ಶುರುವಾಗುವುದು ಯಾಕೆಂದು ಆಗ ತಿಳಿಯುತ್ತದೆ. ಈ ಒಂದು ಮಾತನ್ನು ಬರೆದರೂ ಪರೀಕ್ಷಕರು ಪೆನ್ನು ನಿಲ್ಲಿಸಿ ಓದುತ್ತಾರೆ.

ಬರೆಯುವಾಗ ಹಾಳೆಯನ್ನು ಅಡ್ಡಡ್ಡ ಓದಬೇಕು, ಮೇಲಿನಿಂದ ಕೆಳಗೆ ಓದಬಾರದು. ಒಂದು ಸಾಲು ಒಂದು ಪ್ಯಾರಾ ಆಗುತ್ತದೆ. ಪ್ಯಾರಾದ ಮೊದಲ ವಾಕ್ಯದಲ್ಲಿಯೇ ಎರಡೂ ಕೃತಿಗಳ ಹೆಸರು ಇರಬೇಕೆಂಬ ನಿಯಮ ಹಾಕಿಕೊಂಡೆ. ಒಂದೇ ಹೆಸರಿದ್ದರೆ ಆ ಪ್ಯಾರಾ ಸಾರಾಂಶಕ್ಕೆ ಜಾರುತ್ತಿದೆ ಎಂದೇ ತಿಳಿಯಬೇಕು. 'ಬೋತ್' ಎಂದು ಶುರುವಾಗುವ ವಾಕ್ಯ ಪ್ಯಾರಾಕ್ಕೆ ಒಂದು ಮಾತ್ರ, ಅದರ ಬೆನ್ನಿಗೇ 'ಬಟ್' ಅಥವಾ 'ವೇರ್‌ಆ್ಯಸ್' ಇರುವ ವಾಕ್ಯ, ಆಮೇಲೆ ಪಠ್ಯದಿಂದ ಸಾಕ್ಷಿ, ಕೊನೆಗೆ ಆ ಕೆಂಪು ವಾಕ್ಯ. ಉದ್ಧರಣೆ ಹತ್ತು-ಹನ್ನೆರಡು ಶಬ್ದ ದಾಟಿದರೆ ನೆನಪಿನಲ್ಲಿಯೂ ನಿಲ್ಲುವುದಿಲ್ಲ, ತಪ್ಪಾಗಿ ಬರೆದರೆ ಇದ್ದ ವಿಶ್ವಾಸವೂ ಹೋಗುತ್ತದೆ. ಕೃತಿಯೊಳಗೆ ನಡೆಯುವುದನ್ನೆಲ್ಲ ವರ್ತಮಾನ ಕಾಲದಲ್ಲಿ ಬರೆಯಬೇಕು. ಕನ್ನಡದಲ್ಲಿ ಯೋಚಿಸಿ ಬರೆಯುವಾಗ ಭೂತಕಾಲ ತಾನಾಗಿ ನುಸುಳುತ್ತದೆ, ಇದಕ್ಕೆ ರೂಢಿಯೊಂದೇ ಮದ್ದು.

ಪ್ರಭಾವ ಎಂಬ ಶಬ್ದವನ್ನು ಬಹಳ ಎಚ್ಚರದಿಂದ ಬಳಸಬೇಕು. ಇಬ್ಬರು ಕವಿಗಳು ಗಾಳಿಯ ಮೇಲೆ ಬರೆದರು ಎಂದ ಮಾತ್ರಕ್ಕೆ ಒಬ್ಬರಿಂದ ಇನ್ನೊಬ್ಬರಿಗೆ ಪ್ರಭಾವ ಹರಿದಿದೆ ಎನ್ನಲಾಗದು. ಓದಿದ್ದಕ್ಕೆ, ಅನುವಾದಿಸಿದ್ದಕ್ಕೆ, ಸ್ವತಃ ಒಪ್ಪಿಕೊಂಡದ್ದಕ್ಕೆ ದಾಖಲೆ ಬೇಕು. ಕಾರ್ನಾಡರು ಮನ್‌ನ ಋಣವನ್ನು ತಾವೇ ಹೇಳಿಕೊಂಡಿರುವುದರಿಂದ ಅಲ್ಲಿ ಧೈರ್ಯವಾಗಿ ಬರೆಯಬಹುದು. ದಾಖಲೆ ಇಲ್ಲದ ಕಡೆ 'ಪ್ಯಾರಲಲ್' (ಸಮಾನಾಂತರ) ಅಥವಾ 'ಅಫಿನಿಟಿ' (ಸಾಮ್ಯ) ಎಂದು ಬರೆದರೆ ಉತ್ತರಕ್ಕೆ ಕುಂದಿಲ್ಲ, ವಿಷಯ ಗೊತ್ತಿದೆ ಎಂಬುದೇ ಕಾಣುತ್ತದೆ.

ಅನುವಾದದ ಪ್ರಶ್ನೆಗೆ ಇಡೀ ಪುಸ್ತಕ ಬೇಕಿಲ್ಲ. ಇಂಗ್ಲಿಷ್ ಪಾದ್ರಿ ನ್ಯೂಮನ್ 1833ರಲ್ಲಿ ಬರೆದ ಪ್ರಾರ್ಥನಾಗೀತೆ 'ಲೀಡ್, ಕೈಂಡ್ಲಿ ಲೈಟ್', ಅದನ್ನು ಬಿ.ಎಂ.ಶ್ರೀ. ಮಾಡಿದ 'ಕರುಣಾಳು, ಬಾ, ಬೆಳಕೆ' — ಇಷ್ಟೇ ಸಾಕು. ಮೂಲದ ಮೊದಲ ಶಬ್ದ 'ನಡೆಸು' ಎಂಬ ಬೇಡಿಕೆ. ಕನ್ನಡದಲ್ಲಿ ಮೊದಲು 'ಬಾ' ಎಂದು ಕರೆಯಲಾಗುತ್ತದೆ, ಆಮೇಲೆ 'ಕೈಹಿಡಿದು ನಡೆಸು'. ಇಂಗ್ಲಿಷಿನ ಆ ಸಾಲಿನಲ್ಲಿ ಕೈ ಇಲ್ಲ. ಬೆಳಕಿಗೆ ಮೈ ಬಂದು, ಹಿರಿಯರು ಮಗುವಿನ ಕೈ ಹಿಡಿದು ನಡೆಸಿದಂತಾಗುತ್ತದೆ. 'ರಾತ್ರಿ ಕತ್ತಲು' ಎಂಬಷ್ಟೇ ಮಾತು ಕನ್ನಡದಲ್ಲಿ 'ಕತ್ತಲೆಯ ಗವಿ' ಆಗಿದೆ. ಈ ಮೂರು ಶಬ್ದಗಳನ್ನು ಹಿಡಿದುಕೊಂಡೇ ಒಂದೂವರೆ ಪುಟ ಬರೆಯಬಹುದು. 'ಅನುವಾದ ಮೂಲಕ್ಕೆ ನಿಷ್ಠವಾಗಿದೆ, ಸುಂದರವಾಗಿದೆ' ಎಂದು ಬರೆದರೆ ಏನೂ ಹೇಳಿದಂತಾಗದು.

ಅದೇ ಬಿ.ಎಂ.ಶ್ರೀ.ಯವರ 'ಅಶ್ವತ್ಥಾಮನ್' ನಾಟಕ ಇನ್ನೊಂದು ಒಳ್ಳೆಯ ಜೋಡಿ. ಗ್ರೀಕ್ ನಾಟಕಕಾರ ಸೊಫೊಕ್ಲೀಸ್‌ನ ದುರಂತ ನಾಯಕ ಅಯಾಸ್‌ನ (ಏಜಾಕ್ಸ್) ಜಾಗಕ್ಕೆ ಮಹಾಭಾರತದ ಚಿರಂಜೀವಿಯನ್ನು ತಂದು ನಿಲ್ಲಿಸಿ, ಗ್ರೀಕ್ ದುರಂತ ಕೇಳುವ ಸಾವನ್ನು ಅವನಿಗೆ ಕೊಟ್ಟರೆ ಕನ್ನಡ ಓದುಗನಿಗೆ ಏನಾಗುತ್ತದೆ? ಉತ್ತರದ ತಿರುಳು ಆ ಪ್ರಶ್ನೆಯಲ್ಲಿಯೇ ಇದೆ.

ಸಿದ್ಧಾಂತದ ಭಾಗಕ್ಕೆ ಒಂದೇ ಹಾಳೆ, ಇಸವಿಗಳ ಸರಪಳಿ. 1827ರಲ್ಲಿ ಗಯಟೆ 'ವಿಶ್ವಸಾಹಿತ್ಯ'ದ ಮಾತಾಡಿದ್ದು, 1886ರಲ್ಲಿ ಪಾಸ್ನೆಟ್‌ನ 'ಕಂಪ್ಯಾರಟಿವ್ ಲಿಟರೇಚರ್' ಪುಸ್ತಕ, 1907ರಲ್ಲಿ ಟಾಗೋರರ 'ವಿಶ್ವಸಾಹಿತ್ಯ' ಉಪನ್ಯಾಸ, 1931ರಲ್ಲಿ ಫ್ರೆಂಚ್ ಪಂಥದ ವಾನ್ ಟೀಗೆಮ್‌ನ ಪುಸ್ತಕ, 1956ರಲ್ಲಿ ಜಾದವಪುರದಲ್ಲಿ ಬುದ್ಧದೇವ ಬಸು ಕಟ್ಟಿದ ವಿಭಾಗ, 1958ರಲ್ಲಿ ರೆನೆ ವೆಲೆಕ್‌ನ 'ತೌಲನಿಕ ಸಾಹಿತ್ಯದ ಬಿಕ್ಕಟ್ಟು' ಭಾಷಣ, 1961ರಲ್ಲಿ ಅಮೆರಿಕನ್ ಪಂಥದ ರಿಮಾಕ್ ತೌಲನಿಕ ಸಾಹಿತ್ಯಕ್ಕೆ ಕೊಟ್ಟ ವ್ಯಾಖ್ಯೆ, 1993ರಲ್ಲಿ ಸೂಸನ್ ಬ್ಯಾಸ್ನೆಟ್‌ರ ಪುಸ್ತಕ, 2003ರಲ್ಲಿ ಸ್ಪಿವಾಕ್ ಮತ್ತು ಡ್ಯಾಮ್ರಾಷ್‌ರ ಪುಸ್ತಕಗಳು. ಫ್ರೆಂಚ್ ಪಂಥ ಸಂಪರ್ಕದ ದಾಖಲೆ ಕೇಳುತ್ತದೆ. ಅಮೆರಿಕನ್ ಪಂಥ ಸಾದೃಶ್ಯವನ್ನೂ, ಚಿತ್ರ-ಸಂಗೀತದಂಥ ಇತರ ಕಲೆಗಳ ಜೊತೆಗಿನ ಹೋಲಿಕೆಯನ್ನೂ ಒಪ್ಪುತ್ತದೆ. ಈ ವ್ಯತ್ಯಾಸವನ್ನು ಬರೆದ ಕೂಡಲೇ 'ಹಯವದನ'ವನ್ನು ಮೊದಲಿನದಕ್ಕೆ ಉದಾಹರಣೆಯಾಗಿ ಕೊಡುತ್ತಿದ್ದೆ. ಇಸವಿ ಬಾಯಿಪಾಠವಾಗಿಯೂ ಉದಾಹರಣೆ ಇಲ್ಲದಿದ್ದರೆ ಆ ಉತ್ತರ ಒಣಗಿದಂತೆ ಕಾಣುತ್ತದೆ.

ಸಮಯದ ಲೆಕ್ಕ: ಮೂರು ಗಂಟೆಯಲ್ಲಿ ಐದು ಪ್ರಬಂಧ ಎಂದರೆ ಒಂದಕ್ಕೆ 36 ನಿಮಿಷ. ಅದರಲ್ಲಿ 6 ನಿಮಿಷ ಕೊನೆಯ ಪುಟದಲ್ಲಿ ಕಾಲಂ ಹಾಕಲು, 26 ನಿಮಿಷ ಬರೆಯಲು, 4 ನಿಮಿಷ ತಿರುಗಿ ಓದಲು. 26 ನಿಮಿಷಕ್ಕೆ ನನ್ನ ಕೈಯಲ್ಲಿ 550 ಶಬ್ದ ಆಗುತ್ತಿತ್ತು, ಅಂದರೆ ಪೀಠಿಕೆ ಬಿಟ್ಟರೆ ನಾಲ್ಕು ಪ್ಯಾರಾ. ಆರು ಅಂಶ ತಯಾರಿದ್ದರೂ ಪ್ರಶ್ನೆಗೆ ಒಪ್ಪುವ ನಾಲ್ಕನ್ನೇ ಆರಿಸಿ ಎರಡನ್ನು ಬಿಡಬೇಕು. ಬಿಡಲು ಮನಸ್ಸಾಗದವರ ಐದನೆಯ ಪ್ರಬಂಧ ಅರ್ಧಕ್ಕೇ ನಿಲ್ಲುತ್ತದೆ. ಪರೀಕ್ಷೆಗೆ ಮೂರು ವಾರ ಮೊದಲಿನಿಂದ ದಿನಕ್ಕೆ ಒಂದು ಪ್ರಬಂಧ ಗಡಿಯಾರ ಇಟ್ಟುಕೊಂಡು ಬರೆದರೆ ಈ ಅಳತೆ ಕೈಗೆ ಹತ್ತುತ್ತದೆ. ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿಗಳ ನೋಟ್ಸ್ ಓದಿದರೆ ಮಾತ್ರ ಹತ್ತುವುದಿಲ್ಲ.

ಕೊನೆಯ ನಾಲ್ಕು ನಿಮಿಷದಲ್ಲಿ ನಾನು ನೋಡುತ್ತಿದ್ದದ್ದು ಹೆಸರುಗಳನ್ನು. ಮನ್‌ನಲ್ಲಿ ಶ್ರೀದಮನ್, ನಂದ, ಸೀತಾ. ಕಾರ್ನಾಡರಲ್ಲಿ ದೇವದತ್ತ, ಕಪಿಲ, ಪದ್ಮಿನಿ. ವೇಗದಲ್ಲಿ ಬರೆಯುವಾಗ ಮನ್‌ನ ಕಥೆಯೊಳಗೆ ಪದ್ಮಿನಿ ಬಂದುಬಿಡುತ್ತಾಳೆ, ಹೀಗೆ ತಲೆ ತಪ್ಪಿ ಕೂತ ಒಂದು ಹೆಸರು ಇಡೀ ಪ್ಯಾರಾವನ್ನು ಕೆಡಿಸುತ್ತದೆ.