ಬಯೋಗ್ಯಾಸ್ ಶುದ್ಧೀಕರಣಕ್ಕೆ ಪೊರೆ ಆರಿಸುವಾಗ ಪಾಲಿಮರ್‌ನ ರಚನೆಯನ್ನು ಪರಿಶೀಲಿಸುವ ಕ್ರಮ

ಬಯೋಗ್ಯಾಸ್‌ನಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ ಮೀಥೇನನ್ನು ಉಳಿಸಿಕೊಳ್ಳಲು ಪೊರೆ ಆರಿಸುವವರು, ತಯಾರಕರು ಕೊಡುವ ಅಂಕಿಗಳಿಗಿಂತ ಮೊದಲು ಪಾಲಿಮರ್‌ನ ಸರಪಳಿ ಹೇಗಿದೆ ಎಂಬುದನ್ನು ನೋಡಬೇಕು. ಈ ಪೊರೆಗಳಲ್ಲಿ ಜರಡಿಯಂತೆ ಶಾಶ್ವತವಾದ ತೂತುಗಳಿರುವುದಿಲ್ಲ. ಅನಿಲದ ಅಣು ಒಂದು ಮುಖದಲ್ಲಿ ಕರಗಿ, ಸರಪಳಿಗಳು ಅಲುಗಾಡಿದಾಗ ತೆರೆದುಕೊಳ್ಳುವ ಸಂದುಗಳಲ್ಲಿ ನುಸುಳಿ, ಇನ್ನೊಂದು ಮುಖದಲ್ಲಿ ಹೊರಬೀಳುತ್ತದೆ. ಹೀಗಾಗಿ ಪಾರಗಮ್ಯತೆಯು, ಅಂದರೆ ಅನಿಲ ಪೊರೆಯನ್ನು ದಾಟುವ ಸುಲಭತೆಯು, ಕರಗುವಿಕೆ ಮತ್ತು ವಿಸರಣೆಗಳ (ಸಂದುಗಳಲ್ಲಿ ನುಸುಳುವ ವೇಗದ) ಗುಣಲಬ್ಧವಾಗಿರುತ್ತದೆ.

ಮೊದಲು ಸರಪಳಿಯ ಬಿಗಿತವನ್ನು ಗಮನಿಸಿ. ಸಿಲಿಕೋನ್ ರಬ್ಬರಿನ ಸರಪಳಿ ಸುಮಾರು −125 ಡಿಗ್ರಿ ಸೆಲ್ಸಿಯಸ್‌ವರೆಗೂ ಬಳುಕುವುದರಿಂದ ಅದರಲ್ಲಿ ಅನಿಲಗಳು ಬೇಗ ಸಾಗುತ್ತವೆ, ಆದರೆ 3.3 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ವ್ಯಾಸದ ಡೈಆಕ್ಸೈಡಿಗೂ 3.8ರ ಮೀಥೇನಿಗೂ ಇರುವ ಅಂತರವನ್ನು ಅದು ಅಷ್ಟಾಗಿ ಗುರುತಿಸುವುದಿಲ್ಲ. ಪಾಲಿಇಮೈಡ್ ಎಂಬ ಬಿಗಿ ಸರಪಳಿಯ ಪಾಲಿಮರ್ ಗುರುತಿಸುತ್ತದೆ; ಮಾರುಕಟ್ಟೆಯಲ್ಲಿ ಸಿಗುವ ಪಾಲಿಇಮೈಡಾದ ಮ್ಯಾಟ್ರಿಮಿಡ್‌ನಲ್ಲಿ ಡೈಆಕ್ಸೈಡ್ ಮೀಥೇನಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ದಾಟುತ್ತದೆ, ಆದರೆ ಒಟ್ಟು ವೇಗ ನೂರಾರು ಪಟ್ಟು ಕುಗ್ಗುತ್ತದೆ. ಈ ಕೊಡು-ಕೊಳ್ಳುವಿಕೆಯ ಮಿತಿಯನ್ನು ಪಾಲಿಮರ್ ವಿಜ್ಞಾನಿ ರೋಬ್‌ಸನ್ 1991ರಲ್ಲಿ ಒಂದು ರೇಖೆಯಾಗಿ ಗುರುತಿಸಿ, 2008ರಲ್ಲಿ ಪರಿಷ್ಕರಿಸಿದರು.

ಆ ರೇಖೆಯತ್ತ ಸಾಗಲು ಸರಪಳಿ ಬಿಗಿಯಾಗಿದ್ದೂ ಒತ್ತೊತ್ತಾಗಿ ಜೋಡಣೆಯಾಗದಂತಿರಬೇಕು. ಇದನ್ನು ಕಂಡುಕೊಳ್ಳಲು ರಾಸಾಯನಿಕ ಸೂತ್ರವನ್ನೇ ನೋಡುವುದು ಒಳ್ಳೆಯದು: ಒಂದೇ ಇಂಗಾಲಕ್ಕೆ ಎರಡು ಟ್ರೈಫ್ಲೋರೊಮೀಥೈಲ್ (ಮೂರು ಫ್ಲೋರಿನ್ ಹೊತ್ತ ಇಂಗಾಲದ) ಗುಂಪುಗಳು ಅಂಟಿಕೊಂಡಿದ್ದರೆ, ಅವು ಪಕ್ಕದ ಸರಪಳಿಯನ್ನು ದೂರವಿಡುವುದಲ್ಲದೆ ತಮ್ಮ ಸರಪಳಿಯ ತಿರುಗಾಟವನ್ನೂ ತಡೆಯುತ್ತವೆ. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರೂಪುಗೊಂಡ ಪಿಐಎಂ-1 ಎಂಬ ಪಾಲಿಮರ್‌ನಲ್ಲಿ ಸ್ಪೈರೊ ಕೇಂದ್ರದ (ಎರಡು ಉಂಗುರಗಳು ಒಂದೇ ಇಂಗಾಲವನ್ನು ಹಂಚಿಕೊಳ್ಳುವ ಜಾಗದ) ಸೊಟ್ಟ ತಿರುವು ಇದೇ ಕೆಲಸ ಮಾಡುತ್ತದೆ. ಇಂಥ ಸಡಿಲ ಜೋಡಣೆ ಕಾಲಕ್ರಮೇಣ ಕುಸಿಯುವುದರಿಂದ, ಪೊರೆ ತಯಾರಾದ ಎಷ್ಟು ದಿನಗಳ ಮೇಲೆ ಅಳತೆ ಮಾಡಿದ್ದಾರೆಂದು ಕೇಳದೆ ಅಂಕಿಯನ್ನು ನಂಬಬೇಡಿ.

ಇನ್ನೊಂದು ಎಚ್ಚರಿಕೆ ಒತ್ತಡಕ್ಕೆ ಸಂಬಂಧಿಸಿದ್ದು. ಹೆಚ್ಚಿನ ಒತ್ತಡದಲ್ಲಿ ಡೈಆಕ್ಸೈಡ್ ಸೆಲ್ಯುಲೋಸ್ ಅಸಿಟೇಟ್‌ನಂಥ ಪಾಲಿಮರನ್ನು ಉಬ್ಬಿಸುತ್ತದೆ, ಆಗ ಸಡಿಲವಾದ ಸಂದುಗಳಲ್ಲಿ ಮೀಥೇನೂ ಹರಿದುಹೋಗುತ್ತದೆ. ಶುದ್ಧ ಅನಿಲಗಳನ್ನು ಬೇರೆಬೇರೆಯಾಗಿ ಹಾಯಿಸಿ ಪಡೆದ ಫಲಿತಾಂಶ ಇದನ್ನು ಮರೆಮಾಚಬಲ್ಲದಾದ್ದರಿಂದ, ನಿಮ್ಮ ಸ್ಥಾವರದ ಒತ್ತಡದಲ್ಲೇ ಮಿಶ್ರಣದ ಪರೀಕ್ಷೆ ಆಗಲಿ. ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವ ಅಡ್ಡಬಂಧಗಳಿರುವ ಪಾಲಿಮರ್ ಕಡಿಮೆ ಉಬ್ಬುತ್ತದೆ.

ಪೊರೆ ಕೈಸೇರಿದ ಮೇಲೆ ಎರಡು ಅನಿಲಗಳ ಹರಿವಿನ ಅನುಪಾತವನ್ನು (ಡೈಆಕ್ಸೈಡಿನ ಹರಿವನ್ನು ಮೀಥೇನಿನ ಹರಿವಿನಿಂದ ಭಾಗಿಸಿ) ಅಳೆಯಿರಿ. ಅದು 0.6ರ ಆಸುಪಾಸಿನಲ್ಲಿದ್ದರೆ, ಹಗುರವಾದ ಮೀಥೇನೇ ಮೇಲ್ಪದರದಲ್ಲಿ ದೋಷವಾಗಿ ಉಳಿದ ಸಣ್ಣ ತೂತುಗಳಲ್ಲಿ ಮುಂದೆ ಓಡುತ್ತಿದೆ ಎಂದರ್ಥ. ಆಗ ಪಾಲಿಮರನ್ನು ಬದಲಿಸುವ ಮೊದಲು ಮೇಲ್ಪದರಕ್ಕೆ ತೆಳುವಾಗಿ ಸಿಲಿಕೋನ್ ರಬ್ಬರ್ ಬಳಿದು ಮತ್ತೊಮ್ಮೆ ಅಳೆಯಬೇಕು.