ಹಿಮದ ದಾರಿಗೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಹುಡುಕುತ್ತಿದ್ದೀರಾ?

ಮೊದಲು ಕೇಳಿಕೊಳ್ಳಿ: ವರ್ಷದಲ್ಲಿ ಎಷ್ಟು ದಿನ ನಿಜವಾಗಿ ಹಿಮದ ಮೇಲೆ ಓಡಿಸುತ್ತೀರಿ? ಕೆಲವೇ ವಾರಗಳಾದರೆ ದೊಡ್ಡ ಲ್ಯಾಡರ್ ಫ್ರೇಮ್ (ಏಣಿಯಾಕಾರದ ಉಕ್ಕಿನ ಚೌಕಟ್ಟಿನ) ಜೀಪು ಬೇಡ. ಅದರ ಭಾರವನ್ನು ಉಳಿದ ತಿಂಗಳುಗಳಲ್ಲೂ ಇಂಧನ ಸುಟ್ಟೇ ಎಳೆಯಬೇಕು. ಬೇಕಾದಾಗ ಮಾತ್ರ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಆಲ್ ವೀಲ್ ಡ್ರೈವ್ ಸಣ್ಣ ಗಾಡಿ ಸಾಕು. ಟೊಯೊಟಾ ರಾವ್4 ಹೈಬ್ರಿಡ್‌ನ ಆಲ್ ವೀಲ್ ಡ್ರೈವ್ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು ತಿರುಗಿಸುವುದು ಪ್ರತ್ಯೇಕ ವಿದ್ಯುತ್ ಮೋಟಾರು. ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟೇ ಇಲ್ಲ. ಸುಜುಕಿ ಜಿಮ್ನಿ ಹಗುರ, ಆಳವಾದ ಹಿಮಕ್ಕೆ ಗಟ್ಟಿಗ. ಆದರೆ ಅದರದು ಬೇಕಾದಾಗ ಚಾಲಕನೇ ಹಾಕಿ ತೆಗೆಯುವ ಪಾರ್ಟ್ ಟೈಮ್ ವ್ಯವಸ್ಥೆ, ಒಣ ಡಾಂಬರಿನ ಮೇಲೆ ಫೋರ್ ವೀಲ್‌ನಲ್ಲಿ ಓಡಿಸಬಾರದು.

ಗಾಡಿ ನೋಡಲು ಹೋದಾಗ ಬಣ್ಣಕ್ಕೆ ಮರುಳಾಗದೆ ಅಡಿಗೆ ಟಾರ್ಚ್ ಹಿಡಿಯಿರಿ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಚಾಸಿಸ್, ಬ್ರೇಕ್ ಪೈಪುಗಳನ್ನು ತಿಂದುಹಾಕುತ್ತದೆ. ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರಂತೂ ತುಕ್ಕು ಮುಚ್ಚಿಟ್ಟಿದ್ದಾರೆಂದು ನನಗೆ ಅನುಮಾನವೇ. ನಾಲ್ಕೂ ಟೈರುಗಳ ಸವೆತ ಒಂದೇ ಸಮ ಇದೆಯೇ ನೋಡಿ; ವ್ಯತ್ಯಾಸವಿದ್ದರೆ ಮುಂದಿನ ಹಿಂದಿನ ಚಕ್ರಗಳನ್ನು ಜೋಡಿಸುವ ಸೆಂಟರ್ ಕಪ್ಲಿಂಗ್ ಸದಾ ಒತ್ತಡದಲ್ಲಿದ್ದು ಹಾಳಾಗಬಹುದು. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ, ಟಕಟಕ ಸದ್ದು ಬಂದರೆ ಚಕ್ರಕ್ಕೆ ಶಕ್ತಿ ದಾಟಿಸುವ ಕೀಲು, ಅಂದರೆ ಸಿವಿ ಜಾಯಿಂಟ್, ಸವೆದಿರಬಹುದು.

ಇನ್ನೊಂದು ಮಾತು, ದಯವಿಟ್ಟು ಕೇಳಿ: ಫೋರ್ ವೀಲ್ ಡ್ರೈವ್ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ, ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ಹಿಡಿತ ಕೊಡುವುದು ಟೈರು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡುಸಾಗುತ್ತದೆ. ಆದ್ದರಿಂದ ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತಿರುವ ಟೈರುಗಳಿಗೆ ಈಗಲೇ ಹಣ ತೆಗೆದಿಡಿ.